ಸಗಣಿ ಮೊದಲೋ, ಸೈಟು ಮೊದಲೋ?

ಯಾವ ಜಿಲ್ಲಾ ಕೇಂದ್ರವಾದರೂ ಸರಿ, ಬಸ್ ಸ್ಟ್ಯಾಂಡಿನಿಂದ ಹೊರಟು ನಾಲ್ಕು ಮೈಲಿ ಹೋಗಿ ನೋಡಿ. ಮೊನ್ನೆ ಮೊನ್ನೆಯವರೆಗೆ ರಾಗಿ ಹೊಲ ಇದ್ದ ಕಡೆ ಒಂದು ಕಮಾನು ನಿಂತಿರುತ್ತದೆ. ಕಮಾನಿನ ಮೇಲೆ ಯಾವುದಾದರೂ ದೇವರ ಹೆಸರು, ಇಲ್ಲವೇ ಬಾಯಿಗೆ ಬಾರದ ಇಂಗ್ಲಿಷ್ ಹೆಸರು. ಒಳಗೆ ಕಲ್ಲು ನೆಟ್ಟು ಸುಣ್ಣ ಬಳಿದ ಸೈಟುಗಳು. ಅಲ್ಲೊಂದು ಇಲ್ಲೊಂದು ಎರಡಂತಸ್ತಿನ ಮನೆ. ಕಾಂಪೌಂಡಿನ ಆಚೆಗೆ ಹಿಂದೆ ಇದ್ದದ್ದೇ ಇದೆ: ಒಂದು ಕೊಟ್ಟಿಗೆ, ನಾಲ್ಕು ಸೀಮೆಹಸು, ಹುಲ್ಲಿನ ಬಣವೆ, ತಿಪ್ಪೆ, ಸ್ವಲ್ಪ ದೂರದಲ್ಲಿ ಒಂದು ಕೋಳಿ ಶೆಡ್ಡು.

ಸೈಟು ಕೊಂಡು ಮನೆ ಕಟ್ಟಿದವರು ಗೃಹಪ್ರವೇಶ ಮಾಡುವುದು ಮಾಘದಲ್ಲೋ ವೈಶಾಖದಲ್ಲೋ. ಆಗ ಗಾಳಿ ಒಣ, ತಿಪ್ಪೆಯೂ ಒಣ. ಪಕ್ಕದ ಕೊಟ್ಟಿಗೆಯಿಂದಲೇ ಹಸು ಕರು ತರಿಸಿ, ಅರಿಶಿನ ಕುಂಕುಮ ಇಟ್ಟು, ಮನೆಯೊಳಗೆ ಓಡಾಡಿಸಿ, ಅದು ಹಾಲ್‌ನಲ್ಲಿ ಸಗಣಿ ಹಾಕಿದರೆ ಶುಭ ಅಂತ ಖುಷಿಪಡುವವರೂ ಇದ್ದಾರೆ. ಆಷಾಢದ ಜಡಿಮಳೆ ಹಿಡಿದ ಮೇಲೆ ಕಥೆ ಬೇರೆ. ಅಡುಗೆಮನೆ ಕಿಟಕಿ ತೆಗೆದರೆ ನಾತ, ತಟ್ಟೆಗೆ ಅನ್ನ ಬಡಿಸಿದರೆ ನೊಣ.

"ಏನ್ ಗೌಡ್ರೇ, ಆ ತಿಪ್ಪೆ ಒಂಚೂರು ಆಚೆಗೆ ಹಾಕ್ಬಾರ್ದಾ?" ಅಂತ ಮೊದಲ ವರ್ಷ ಕೇಳುತ್ತಾರೆ. "ಎಲ್ಲಿಗ್ ಹಾಕ್ಲಿ ಸ್ವಾಮಿ, ನಮ್ಮಪ್ಪನ ಕಾಲದಿಂದ ಅಲ್ಲೇ ಐತೆ" ಅಂತ ಉತ್ತರ ಬರುತ್ತದೆ. ಎರಡನೇ ವರ್ಷ ಮಾತುಕತೆ ನಿಲ್ಲುತ್ತದೆ. ಮೂರನೇ ವರ್ಷ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಹೋಗುತ್ತದೆ. ಒಂದು ಪ್ರತಿ ಪಂಚಾಯ್ತಿಗೆ, ಒಂದು ತಹಸೀಲ್ದಾರರಿಗೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಒಂದು ಶಾಸಕರಿಗೆ. ಗೌಡರ ಕೈಗೆ ನೋಟೀಸು ಬರುತ್ತದೆ. ಹಾಲು ಹಾಕಿ ಬಂದ ದುಡ್ಡು ವಕೀಲರ ಕಡೆ ಹೊರಡುತ್ತದೆ.

ಇಂಥ ಜಗಳದಲ್ಲಿ ಯಾರ ಪರ ನಿಲ್ಲಬೇಕು ಅನ್ನುವುದು ಮೇಲುನೋಟಕ್ಕೆ ಸುಲಭ. ಗೌಡರ ಪರ ನಿಂತವರು "ಇವರು ಯಾಕೆ ಬಂದರು ಇಲ್ಲಿಗೆ? ನಾತ ಬೇಡ ಅಂದ್ರೆ ಪೇಟೇಲಿ ಇರಬೇಕಿತ್ತು" ಅನ್ನುತ್ತಾರೆ. ಬಡಾವಣೆಯವರ ಪರ ನಿಂತವರು "ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ಮನೆಯಲ್ಲಿ ಮೂಗು ಮುಚ್ಚಿಕೊಂಡು ಬದುಕಬೇಕೇ?" ಅನ್ನುತ್ತಾರೆ. ಎರಡು ಮಾತಿನಲ್ಲೂ ಸುಳ್ಳಿಲ್ಲ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಲ್ಲು ಕಡಿಯುತ್ತಿರುವಾಗ, ಇಬ್ಬರನ್ನೂ ಅಕ್ಕಪಕ್ಕ ತಂದು ಕೂರಿಸಿ, ಅದರಲ್ಲಿ ಚೆನ್ನಾಗಿ ದುಡ್ಡು ಮಾಡಿಕೊಂಡು, ಈಗ ಇನ್ನೊಂದು ರಸ್ತೆಯಲ್ಲಿ ಇನ್ನೊಂದು ಕಮಾನು ಕಟ್ಟಿಸುತ್ತಿರುವ ಮೂರನೆಯವನೊಬ್ಬ ಇದ್ದಾನೆ. ಅರ್ಜಿಯಲ್ಲಿ ಅವನ ಹೆಸರಿಲ್ಲ. ನೋಟೀಸಿನಲ್ಲೂ ಇಲ್ಲ.

ಕಾನೂನು ಏನು ಹೇಳುತ್ತದೆ? ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಬಂದಿದೆ. ನಂಬರು ಬದಲಾಯಿತೇ ಹೊರತು ತಿರುಳು ಅದೇ. ಯಾವುದೇ ಕಸುಬು, ಯಾವುದೇ ಸರಕು ಸುತ್ತಲಿನ ಜನರ ಆರೋಗ್ಯಕ್ಕೆ ಇಲ್ಲವೇ ದೇಹದ ನೆಮ್ಮದಿಗೆ ಬಾಧೆ ಕೊಡುತ್ತಿದ್ದರೆ, ಅದನ್ನು ನಿಲ್ಲಿಸು, ಇಲ್ಲ ಬೇರೆ ಕಡೆ ಸಾಗಿಸು, ಆಗಲ್ಲ ಅನ್ನುವುದಾದರೆ ಬಂದು ಕಾರಣ ಹೇಳು ಅಂತ ಕಂದಾಯ ಇಲಾಖೆಯ ದಂಡಾಧಿಕಾರಿಗಳು ಆದೇಶ ಮಾಡಬಹುದು. ಒಳ್ಳೆಯ ಕಲಮು. ಊರ ನಡುವೆ ಚರ್ಮ ಕೊಳೆಹಾಕುವವನನ್ನು, ಚರಂಡಿಗೆ ಆಸಿಡ್ ಬಿಡುವವನನ್ನು ಹಿಡಿಯಲು ಬೇಕೇ ಬೇಕು. ಆದರೆ ಈ ಕಲಮು ಒಂದು ಪ್ರಶ್ನೆ ಕೇಳುವುದಿಲ್ಲ. ಮೊದಲು ಬಂದವರು ಯಾರು ಅನ್ನುವುದು ಅದರ ಲೆಕ್ಕದಲ್ಲಿ ಇಲ್ಲ. ಬಾಧೆ ಇದೆಯೋ ಇಲ್ಲವೋ, ಅಷ್ಟೇ.

ಇದು ಬಿಳಿಯರು ಬಿಟ್ಟುಹೋದ ಪದ್ಧತಿ. ಅವರ ಊರಿನಲ್ಲೇ ಇದರ ಬೇರು ಇದೆ. 1610ರಲ್ಲಿ ನಾರ್ಫೋಕ್ ಪ್ರಾಂತ್ಯದ ಆಲ್ಡ್ರೆಡ್ ಅನ್ನುವವನ ಮನೆ ಪಕ್ಕ ನೆರೆಯವನೊಬ್ಬ ಹಂದಿಗೂಡು ಕಟ್ಟಿದ. ಕೇಸು ಲಂಡನ್ನಿನವರೆಗೆ ಹೋಯಿತು. ಹಂದಿ ಸಾಕುವುದು ಮನುಷ್ಯನ ಹೊಟ್ಟೆಪಾಡು, ಹಂದಿ ವಾಸನೆಯೂ ತಡೆಯದಷ್ಟು ನಾಜೂಕು ಮೂಗು ಇಟ್ಟುಕೊಳ್ಳಬಾರದು ಅಂತ ನೆರೆಯವನ ಕಡೆಯಿಂದ ವಾದ ಮಾಡಿದರು. ಕೋರ್ಟು ಒಪ್ಪಲಿಲ್ಲ. ಮನೆಯಲ್ಲಿ ಇರುವವನಿಗೆ ಒಳ್ಳೆಯ ಗಾಳಿಯ ಹಕ್ಕಿದೆ ಅಂದಿತು. ಅದು ಸರಿಯೇ, ಅಲ್ಲಿ ಮನೆ ಮೊದಲು, ಹಂದಿ ಆಮೇಲೆ.

1879ರ ಇನ್ನೊಂದು ಕೇಸು ಉಲ್ಟಾ. ಲಂಡನ್ನಿನ ವಿಗ್‌ಮೋರ್ ಸ್ಟ್ರೀಟಿನಲ್ಲಿ ಒಬ್ಬ ಮಿಠಾಯಿಯವನು. ಇಪ್ಪತ್ತು ವರ್ಷಕ್ಕೂ ಮೀರಿ ಅದೇ ಅಡುಗೆಮನೆಯಲ್ಲಿ ದೊಡ್ಡ ಒರಳಿನಲ್ಲಿ ಕುಟ್ಟುತ್ತಾ ಬಂದವನು. ಪಕ್ಕದ ಮನೆಗೆ ಒಬ್ಬ ಡಾಕ್ಟರು ಬಂದರು. ಕೆಲವು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಹಿತ್ತಲಿನ ತುದಿಯಲ್ಲಿ, ಮಿಠಾಯಿಯವನ ಗೋಡೆಗೆ ತಾಗಿದಂತೆ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಒರಳಿನ ಸದ್ದಿಗೆ ಎದೆಬಡಿತ ಕೇಳಿಸುವುದಿಲ್ಲ ಅಂತ ದಾವೆ ಹೂಡಿದರು. ಗೆದ್ದದ್ದು ಡಾಕ್ಟರು! ನೀವೇ ಬಾಧೆಯ ಹತ್ತಿರ ಬಂದಿರಲ್ಲ ಸ್ವಾಮಿ ಅನ್ನುವುದು ಉತ್ತರವಾಗುವುದಿಲ್ಲ ಅಂದುಬಿಟ್ಟಿತು ಕೋರ್ಟು. ಇಂಗ್ಲಿಷ್ ಕಾನೂನು ಓದಿದ ದೇಶಗಳೆಲ್ಲ ಇವತ್ತಿಗೂ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಅಂತ ಆ ಕೇಸಿನ ಹೆಸರು ಹೇಳುತ್ತವೆ.

ಈ ತೀರ್ಪಿನ ದಾರಿಯನ್ನೇ ಹಿಡಿದರೆ ನಮ್ಮ ಗೌಡರ ಗತಿ ಏನು? ನೂರು ವರ್ಷದ ಕೊಟ್ಟಿಗೆಯನ್ನು ಮೂರು ವರ್ಷದ ಮನೆ ಎಬ್ಬಿಸಬಹುದು.

ಅಮೆರಿಕದವರಿಗೆ ಈ ತಲೆನೋವು ಬಹಳ ಮುಂಚೆಯೇ ಬಂತು. ಅಲ್ಲಿ ಕಾರು, ಹೆದ್ದಾರಿ ಬಂದ ಮೇಲೆ ಪೇಟೆ ಹೊಲದ ಮೇಲೆ ಹರಡಿಕೊಂಡಿತು. ಅರಿಜೋನಾ ರಾಜ್ಯದ ಫೀನಿಕ್ಸ್ ಪಟ್ಟಣದ ಪಶ್ಚಿಮಕ್ಕೆ ಹದಿನಾಲ್ಕು ಹದಿನೈದು ಮೈಲಿ ದೂರದಲ್ಲಿ 1956ರಲ್ಲಿ ದನ ಕೊಬ್ಬಿಸುವ ದೊಡ್ಡಿ ಶುರುವಾಯಿತು. ಮೂರು ವರ್ಷದ ನಂತರ ಡೆಲ್ ವೆಬ್ ಅನ್ನುವ ದೊಡ್ಡ ಬಿಲ್ಡರ್ ಕಂಪನಿ ಅದೇ ಪ್ರದೇಶದಲ್ಲಿ 20,000 ಎಕರೆ ಕೃಷಿ ಭೂಮಿ ಕೊಂಡಿತು. ಎಕರೆಗೆ ಸುಮಾರು 750 ಡಾಲರ್. ಫೀನಿಕ್ಸಿನ ಹತ್ತಿರದ ಜಾಗಕ್ಕಿಂತ ಬಹಳ ಅಗ್ಗ. ಅಗ್ಗ ಯಾಕೆ ಅಂತ ಬೇರೆ ಹೇಳಬೇಕೆ? ರಿಟೈರಾದವರಿಗೆ ಅಂತಲೇ ಸನ್ ಸಿಟಿ ಅನ್ನುವ ಊರು ಕಟ್ಟಿ 1960ರಲ್ಲಿ ಬಾಗಿಲು ತೆಗೆದರು. ಮನೆಗಳು ಬಿಸಿ ದೋಸೆಯಂತೆ ಖರ್ಚಾದವು. ಊರು ದಕ್ಷಿಣಕ್ಕೆ ಬೆಳೆಯಿತು, ಇತ್ತ ದನದ ದೊಡ್ಡಿಯೂ 35 ಎಕರೆಯಿಂದ 114 ಎಕರೆಗೆ ಬೆಳೆಯಿತು. 1967ರ ಹೊತ್ತಿಗೆ ಒಂದು ಕಡೆ ಎರಡಕ್ಕೂ ನಡುವೆ ಇದ್ದದ್ದು 500 ಅಡಿ. ದೊಡ್ಡಿಯಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ದನ, ದಿನಕ್ಕೆ ಹತ್ತು ಲಕ್ಷ ಪೌಂಡು ಹಸಿ ಸಗಣಿ. ಅಂದರೆ 450 ಟನ್. ನಮ್ಮ ಲಾರಿಗಳಲ್ಲಿ ತುಂಬಿದರೆ ನಲವತ್ತೈದು ಲೋಡಿಗೆ ಕಡಿಮೆ ಇಲ್ಲ, ಅದೂ ಪ್ರತಿದಿನ. ಸುಮಾರು 1,300 ಸೈಟು ಮಾರಾಟವಾಗದೆ ಬಿದ್ದವು. ವೆಬ್ ಕಂಪನಿ ಕೋರ್ಟಿಗೆ ಹೋಯಿತು.

1972ರಲ್ಲಿ ಅರಿಜೋನಾದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇವತ್ತಿಗೂ ಲಾ ಕಾಲೇಜುಗಳಲ್ಲಿ ಪಾಠ. ದೊಡ್ಡಿ ಅಲ್ಲಿಂದ ಎದ್ದು ಹೋಗಬೇಕು, ಯಾಕೆಂದರೆ ಸನ್ ಸಿಟಿಯ ಮುದುಕರು ಮುದುಕಿಯರು ಏನು ತಪ್ಪು ಮಾಡಿದ್ದಾರೆ, ನೊಣದ ನಡುವೆ ಅವರು ಬದುಕುವುದು ಸಾಧ್ಯವಿಲ್ಲ. ಆದರೆ ದೊಡ್ಡಿ ಎತ್ತುವ ಖರ್ಚು, ಇಲ್ಲವೇ ಮುಚ್ಚುವ ನಷ್ಟ, ನ್ಯಾಯವಾಗಿ ಎಷ್ಟಾಗುತ್ತದೋ ಅಷ್ಟನ್ನೂ ವೆಬ್ ಕಂಪನಿ ಕೊಡಬೇಕು. ಅಗ್ಗದ ಜಮೀನಿನ ಲಾಭಕ್ಕೆ ಬಿದ್ದು, ದೊಡ್ಡಿ ಇದೆ ಅಂತ ಗೊತ್ತಿದ್ದೂ, ಜನರನ್ನು ಅದರ ಬಾಯಿಗೆ ತಂದು ಹಾಕಿದವರು ಅವರೇ ತಾನೆ!

ಗಮನಿಸಿ. ಮನೆಯವರನ್ನೂ ಬೈಯಲಿಲ್ಲ, ದನದವನನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಮೂರನೆಯವನ ಜೇಬಿಗೆ ಕೈ ಹಾಕಿದರು. ನಮ್ಮ ತಾಲೂಕು ಕಚೇರಿಗಳಲ್ಲಿ ಈ ಕೇಸನ್ನು ಕನ್ನಡಕ್ಕೆ ಮಾಡಿ ಗೋಡೆಗೆ ಅಂಟಿಸಿದರೆ ತಪ್ಪಿಲ್ಲ.

ಆದರೆ ಅಮೆರಿಕ ಆ ದಾರಿಯಲ್ಲಿ ಮುಂದೆ ಹೋಗಲಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಒಂದೊಂದೇ ರಾಜ್ಯ "ಬೇಸಾಯದ ಹಕ್ಕಿನ ಕಾನೂನು" ಅಂತ ತರತೊಡಗಿತು. ಈಗ ಐವತ್ತು ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯಲ್ಲಿ ಇದೆ. ಬಹಳ ಕಡೆ ಮಾದರಿಯಾದದ್ದು ನಾರ್ತ್ ಕ್ಯಾರೊಲೈನಾದ 1979ರ ಕಾನೂನು. ಅದರ ಸಾರ ಇಷ್ಟು: ಒಂದು ತೋಟ, ದೊಡ್ಡಿ ಶುರುವಾದಾಗ ಯಾರಿಗೂ ಬಾಧೆ ಕೊಡುತ್ತಿರಲಿಲ್ಲ, ಒಂದು ವರ್ಷಕ್ಕಿಂತ ಹೆಚ್ಚು ನಡೆದಿದೆ ಅಂದಮೇಲೆ, ಸುತ್ತಲಿನ ಊರು ಬದಲಾಯಿತು ಅನ್ನುವ ಕಾರಣಕ್ಕೆ ಅದನ್ನು ಬಾಧೆ ಅಂತ ಕರೆಯುವಂತಿಲ್ಲ. ಎಷ್ಟು ನೇರ! ಕೇಳಿದರೆ ಯಾವ ರೈತನಾದರೂ ಚಪ್ಪಾಳೆ ಹೊಡೆಯಬೇಕು. ಇಲ್ಲಿಯೂ ಅಂಥದ್ದೇ ಒಂದು ಬರಲಿ ಅಂತ ಹೇಳುವವರ ಮನಸ್ಸಿನಲ್ಲಿ ಇರುವುದು ಇಂಥದ್ದೇ.

ಚಪ್ಪಾಳೆ ಹೊಡೆಯುವ ಮುಂಚೆ ಅದೇ ನಾರ್ತ್ ಕ್ಯಾರೊಲೈನಾದಲ್ಲಿ ಮುಂದೆ ಏನಾಯಿತು ನೋಡಬೇಕು.

ಕಾನೂನು ಬಂದ ಹೊತ್ತಿಗೆ ಅಲ್ಲಿ ಹಂದಿ ಸಾಕುವುದು ಅಂದರೆ ಸಣ್ಣ ರೈತನ ಹಿತ್ತಲ ಕಸುಬು. ಮುಂದಿನ ಇಪ್ಪತ್ತು ವರ್ಷದಲ್ಲಿ ಅದು ಕಂಪನಿ ಕೈಗೆ ಹೋಯಿತು. ರಾಜ್ಯದಲ್ಲಿ ಸುಮಾರು 90 ಲಕ್ಷ ಹಂದಿ. ಡೂಪ್ಲಿನ್, ಸ್ಯಾಂಪ್ಸನ್ ಅನ್ನುವ ಎರಡು ಕೌಂಟಿಗಳಲ್ಲಿ ಜನರಿಗಿಂತ ಹಂದಿಗಳೇ ಹೆಚ್ಚು. ಒಂದೊಂದು ಶೆಡ್ಡಿನಲ್ಲಿ ನೂರಾರು, ಸಾವಿರಾರು. ಅವುಗಳ ಉಚ್ಚೆ ಹೇಲು ನೀರಿನಲ್ಲಿ ತೊಳೆದು ತೆರೆದ ಹೊಂಡಕ್ಕೆ ಬಿಡುವುದು, ಹೊಂಡ ತುಂಬಿದರೆ ದೊಡ್ಡ ಪಿಚಕಾರಿಯಿಂದ ಹೊಲಕ್ಕೆ ಹಾರಿಸುವುದು. ಗಾಳಿ ಬೀಸಿದರೆ ಆ ತುಂತುರು ಪಕ್ಕದ ಮನೆ ಮೇಲೆ. ಪಕ್ಕದ ಮನೆಯವರು ಯಾರು? ಬಹುಪಾಲು ಕಪ್ಪು ಜನ. ಹಂದಿ ಶೆಡ್ಡು ಬರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ, ಕೆಲವರು ಮೂರು ನಾಲ್ಕು ತಲೆಮಾರಿನಿಂದ, ಅದೇ ಮಣ್ಣಿನಲ್ಲಿ ಇದ್ದವರು. ಬಟ್ಟೆ ಒಣಗಿಹಾಕುವಂತಿಲ್ಲ, ಜಗಲಿಯಲ್ಲಿ ಕೂರುವಂತಿಲ್ಲ, ನೆಂಟರನ್ನು ಕರೆಯುವಂತಿಲ್ಲ, ರಾತ್ರಿ ಸತ್ತ ಹಂದಿ ಸಾಗಿಸುವ ಲಾರಿಗಳ ಸದ್ದು.

2014ರಲ್ಲಿ 500ಕ್ಕೂ ಹೆಚ್ಚು ಜನ ಸೇರಿ 26 ದಾವೆ ಹೂಡಿದರು. ಸ್ಮಿತ್‌ಫೀಲ್ಡ್ ಕಂಪನಿಯ ಅಂಗಸಂಸ್ಥೆ ಮರ್ಫಿ-ಬ್ರೌನ್ ಎದುರಾಳಿ. ಕಂಪನಿ ವಕೀಲರು ಯಾವ ಗುರಾಣಿ ಎತ್ತಿ ಹಿಡಿದರು ಗೊತ್ತೇ? ಅದೇ 1979ರ ಬೇಸಾಯದ ಹಕ್ಕಿನ ಕಾನೂನು! ಸಣ್ಣ ರೈತನನ್ನು ಪೇಟೆಯವರಿಂದ ಕಾಪಾಡಲು ಮಾಡಿದ ಕಾನೂನನ್ನು, ಹಳ್ಳಿಯ ಬಡವರಿಂದ ಕಂಪನಿಯನ್ನು ಕಾಪಾಡಲು ತಂದರು. 2017ರಲ್ಲಿ ಫೆಡರಲ್ ಜಡ್ಜು ಅದನ್ನು ತಳ್ಳಿಹಾಕಿದರು. ಈ ಜನ ಹಂದಿಗಿಂತ ಮೊದಲೇ ಇಲ್ಲಿ ಇದ್ದವರು, ಊರು ಬದಲಾಗಿ ಹಂದಿಯ ಹತ್ತಿರ ಬಂದದ್ದಲ್ಲ ಅಂದರು. 2018ರ ಏಪ್ರಿಲಿನಲ್ಲಿ ಜ್ಯೂರಿ ಮೊದಲ ಕೇಸಿನಲ್ಲೇ 5 ಕೋಟಿ ಡಾಲರಿಗೂ ಮೀರಿ ಪರಿಹಾರ ಕೊಟ್ಟಿತು. ರಾಜ್ಯದ ಮಿತಿ ಕಾನೂನಿನಿಂದಾಗಿ ಅದು 32.5 ಲಕ್ಷ ಡಾಲರಿಗೆ ಇಳಿಯಿತು. ಆಗಸ್ಟಿನಲ್ಲಿ ಇನ್ನೊಂದು ಕೇಸಿನಲ್ಲಿ 47.35 ಕೋಟಿ ಡಾಲರ್ ಅಂದರು, ಇಳಿದದ್ದು 9.4 ಕೋಟಿಗೆ. 2020ರ ನವೆಂಬರಿನಲ್ಲಿ ಮೇಲ್ಮನವಿ ಕೋರ್ಟು ಕಂಪನಿಯ ಹೊಣೆಯನ್ನು ಎತ್ತಿಹಿಡಿದಾಗ ಕಂಪನಿ ರಾಜಿಗೆ ಬಂತು.

ಅಲ್ಲಿನ ಶಾಸಕರು ಈ ನಡುವೆ ಸುಮ್ಮನೆ ಕೂರಲಿಲ್ಲ. 2013ರಲ್ಲೇ ಒಂದು ತಿದ್ದುಪಡಿ ಮಾಡಿ, ಮಾಲೀಕ ಬದಲಾದರೂ, ಗಾತ್ರ ಹೆಚ್ಚಿದರೂ, ಬೆಳೆ ಬಿಟ್ಟು ಹಂದಿ ಸಾಕಿದರೂ ಅದು ಹಳೆಯ ತೋಟವೇ ಅಂತ ಬರೆದಿಟ್ಟಿದ್ದರು. 2017ರಲ್ಲಿ ಪರಿಹಾರಕ್ಕೆ ಕತ್ತರಿ ಹಾಕಿದರು. 2018ರಲ್ಲಿ ಅರ್ಧ ಮೈಲಿಯೊಳಗೆ ಇರುವವರು ಮಾತ್ರ, ಅದೂ ಶುರುವಾದ ಒಂದು ವರ್ಷದೊಳಗೆ ಮಾತ್ರ ದಾವೆ ಹೂಡಬಹುದು ಅಂತ ಬಾಗಿಲು ಹಾಕಿದರು. ಮುಂದೆ ಅಂಥ ಕೇಸು ಗೆಲ್ಲುವುದಿರಲಿ, ಹಾಕುವುದೇ ಕಷ್ಟ. ಕಾನೂನಿನ ಹೆಸರು ಮಾತ್ರ ಬದಲಾಗಿಲ್ಲ. ಈಗಲೂ ಬೇಸಾಯದ ಹಕ್ಕು!

ಎಲ್ಲ ರಾಜ್ಯವೂ ಹೀಗೇ ಅಂತಲ್ಲ. ಅಯೋವಾದ ಸುಪ್ರೀಂ ಕೋರ್ಟು 1998ರಲ್ಲಿ ಚುರುಕಾಗಿ ಒಂದು ಮಾತು ಹೇಳಿತು. ಒಂದು ಕೌಂಟಿಯವರು 960 ಎಕರೆಯನ್ನು ಕೃಷಿ ವಲಯ ಅಂತ ಘೋಷಿಸಿ, ಅಲ್ಲಿಂದ ಎಂಥ ಬಾಧೆ ಬಂದರೂ ಪಕ್ಕದವರು ದಾವೆ ಹಾಕುವಂತಿಲ್ಲ ಅನ್ನುವ ರಕ್ಷಣೆ ಕೊಟ್ಟಿದ್ದರು. ಪಕ್ಕದವನ ಜಮೀನಿನ ಮೇಲೆ ನಾತ ಬಿಡುವ ಹಕ್ಕನ್ನು ಸರ್ಕಾರ ಪುಕ್ಕಟೆ ಕಿತ್ತು ಇನ್ನೊಬ್ಬನಿಗೆ ಕೊಟ್ಟಂತೆ ಇದು, ಪರಿಹಾರ ಕೊಡದೆ ಹಾಗೆ ಮಾಡುವಂತಿಲ್ಲ ಅಂತ ಕೋರ್ಟು ಅದನ್ನು ಹೊಡೆದುಹಾಕಿತು. ನಾರ್ತ್ ಡಕೋಟಾ 2012ರಲ್ಲಿ, ಮಿಸ್ಸೌರಿ 2014ರಲ್ಲಿ ಬೇಸಾಯದ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದವು. ಒಕ್ಲಹೋಮಾದಲ್ಲಿ 2016ರಲ್ಲಿ ಅದನ್ನೇ ಜನರ ಮುಂದೆ ಇಟ್ಟರೆ ಜನ ಬೇಡ ಅಂದರು.

ಫ್ರಾನ್ಸಿನ ಕಥೆ ಸ್ವಲ್ಪ ನಗು ತರಿಸುತ್ತದೆ. ಒಲೆರಾನ್ ದ್ವೀಪದಲ್ಲಿ ಮಾರಿಸ್ ಅನ್ನುವ ಹುಂಜ ಬೆಳಗಿನ ಜಾವ ಕೂಗುತ್ತಿತ್ತು. ಹುಂಜ ಇನ್ನೇನು ಮಾಡುತ್ತದೆ? ರಜೆ ಕಳೆಯಲು ಪಕ್ಕದಲ್ಲಿ ಮನೆ ಮಾಡಿಕೊಂಡಿದ್ದವರು ನಿದ್ದೆ ಕೆಡುತ್ತದೆ ಅಂತ ಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನಲ್ಲಿ ಹುಂಜ ಗೆದ್ದಿತು, ದಾವೆ ಹಾಕಿದವರು ಹುಂಜದ ಒಡತಿಗೆ 1,000 ಯೂರೋ ಕೊಡಬೇಕಾಯಿತು. 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ಹಳ್ಳಿಯ ವಾಸನೆ ನಾಡಿನ ಸ್ವತ್ತು ಅಂತ ಪಾರ್ಲಿಮೆಂಟು ಕಾನೂನನ್ನೇ ಮಾಡಿತು. ಅಷ್ಟು ಹೊತ್ತಿಗೆ ಪಾಪ ಮಾರಿಸ್ ಸತ್ತುಹೋಗಿತ್ತು. 2024ರ ಏಪ್ರಿಲಿನಲ್ಲಿ ಬಂದ ಕಾನೂನು ನಮಗೆ ಹೆಚ್ಚು ಉಪಯೋಗದ್ದು. ನೀವು ಬರುವ ಮೊದಲೇ ಇದ್ದ ಕಸುಬಿನ ಮೇಲೆ ದೂರು ನಡೆಯದು, ಆದರೆ ಆ ಕಸುಬು ಬೇರೆ ಕಾನೂನುಗಳಿಗೆ ತಕ್ಕಂತೆ ಇರಬೇಕು, ಹಿಂದಿನಂತೆಯೇ ನಡೆಯುತ್ತಿರಬೇಕು. ಅಂದರೆ ನಾಲ್ಕು ಹಸುವಿನ ಕೊಟ್ಟಿಗೆ ತೋರಿಸಿ ನಾನೂರು ಹಸುವಿನ ಫ್ಯಾಕ್ಟರಿ ನಡೆಸುವುದಕ್ಕೆ ಈ ಚೀಟಿ ಆಗುವುದಿಲ್ಲ.

ಇನ್ನು ನಮ್ಮ ಮನೆ ಬಾಗಿಲಿಗೆ ಬರೋಣ. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಒಂದು ಎಕರೆ, ಅರ್ಧ ಎಕರೆ ಫಾರ್ಮ್ ಹೌಸುಗಳು ಹಳ್ಳಿಯ ಒಳಗೇ ಬಂದು ಕೂತಿವೆ. ಶನಿವಾರ ಬಂದು ಭಾನುವಾರ ಹೋಗುವವರಿಗೆ ಹಸಿರು ಬೇಕು, ಹಸಿರು ಬೆಳೆಯುವ ಗೊಬ್ಬರ ಬೇಡ. ಅದೇ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಅಂದರೆ ಏನು ಅಂತ ಕೊಟ್ಟ ವಿವರಣೆ ನೋಡಿ: ಹೈನುಗಾರಿಕೆ, ಕೋಳಿ ಸಾಕಣೆ, ದನಕರು ತಳಿ ಬೆಳೆಸುವುದು ಎಲ್ಲ ಕೃಷಿಯೇ. ಕಂದಾಯ ಇಲಾಖೆಯ ಪುಸ್ತಕದಲ್ಲಿ ಕೋಳಿಯವನು ರೈತ. ಮಾಲಿನ್ಯ ಮಂಡಳಿಯ ಪುಸ್ತಕ ತೆಗೆದರೆ ದೊಡ್ಡ ಕೋಳಿ ಫಾರಂ ಒಪ್ಪಿಗೆ ಪತ್ರ ಪಡೆಯಬೇಕಾದ ಘಟಕ. ಎರಡೂ ಸರ್ಕಾರವೇ. ರೈತ ಯಾವ ಪುಸ್ತಕ ಓದಬೇಕು?

ಹೊಸ ಕೋಳಿ ಶೆಡ್ಡು ಜನವಸತಿಯಿಂದ, ನೀರಿನ ಮೂಲದಿಂದ, ರಸ್ತೆಯಿಂದ ಇಷ್ಟಿಷ್ಟು ದೂರ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಇದೆ. ಇರಬೇಕಾದ್ದೇ. ಆದರೆ ಆ ಮಾರ್ಗಸೂಚಿ ಬರೆದದ್ದು ಕೋಳಿಯವನಿಗೆ, ಲೇಔಟಿನವನಿಗಲ್ಲ. ಶೆಡ್ಡು ಮನೆಯ ಹತ್ತಿರ ಬರಬಾರದು, ಸರಿ. ಮನೆ ಶೆಡ್ಡಿನ ಹತ್ತಿರ ಬಂದರೆ? ಟೇಪು ಹಿಡಿದು ಅಳೆಯುವವರು ಯಾರು?

ಹಾಗಂತ ರೈತ ಅಂದಕೂಡಲೇ ಕೈಮುಗಿದು ಬಿಡುವುದೂ ಬೇಡ. ಲಕ್ಷ ಕೋಳಿ ಇಟ್ಟುಕೊಂಡು, ಹಿಕ್ಕೆ ತಿಂಗಳುಗಟ್ಟಲೆ ಪಂಜರದ ಕೆಳಗೆ ಗುಡ್ಡೆ ಹಾಕಿ, ಸತ್ತ ಕೋಳಿ ಕೆರೆ ಏರಿ ಮೇಲೆ ಎಸೆಯುವವನು ಮೊದಲು ಬಂದವನಾದರೂ ತಪ್ಪು ಮಾಡುತ್ತಿದ್ದಾನೆ. ನೊಣದ ಶಾಸ್ತ್ರ ಬಹಳ ಸರಳ. ಬೇಸಿಗೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣ ಆಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೆ ಬೇಕಾದದ್ದು ಒದ್ದೆ ಗೊಬ್ಬರ. ನೀರಿನ ನಲ್ಲಿ ಸೋರದಂತೆ ನೋಡಿಕೊಂಡು, ಹಿಕ್ಕೆ ಒಣಗುವಂತೆ ಗಾಳಿ ಬಿಟ್ಟು, ವಾರಕ್ಕೊಮ್ಮೆ ತೆಗೆದು ಮುಚ್ಚಿಟ್ಟರೆ ನೊಣದ ಸಂಸಾರ ಅಲ್ಲೇ ಮುರಿಯುತ್ತದೆ. ಕೊಟ್ಟಿಗೆ ಇಟ್ಟವರೂ ಅಷ್ಟೇ. ಹಿಂದೆ ಮನೆಮನೆಗೆ ಗೋಬರ್ ಗ್ಯಾಸ್ ಅಂತ ಸರ್ಕಾರ ಸಬ್ಸಿಡಿ ಕೊಟ್ಟು ಕಟ್ಟಿಸಿದ ಗುಂಡಿಗಳಲ್ಲಿ ಎಷ್ಟೋ ಈಗ ಕಸ ತುಂಬಿಕೊಂಡು ಬಿದ್ದಿವೆ. ಅವನ್ನು ಎಬ್ಬಿಸಿದರೆ ಗೌಡರ ಒಲೆ ಉರಿಯುತ್ತದೆ, ಬಡಾವಣೆಯವರ ಮೂಗೂ ಉಳಿಯುತ್ತದೆ. ಪಶುಸಂಗೋಪನೆ ಇಲಾಖೆಯ ಡಾಕ್ಟರು ಒಬ್ಬರು ಬಂದು ನೋಡಿದರೆ ಅರ್ಧ ಜಗಳ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಆದರೆ ಅರ್ಜಿ ಅವರಿಗೆ ಹೋಗುವುದಿಲ್ಲ, ಪೊಲೀಸರಿಗೆ ಹೋಗುತ್ತದೆ.

ಆದ್ದರಿಂದ ಇಲ್ಲಿ ಬೇಸಾಯದ ಹಕ್ಕಿನ ಕಾನೂನು ಬೇಕು ಅನ್ನುವವರು ಎರಡು ವಿಷಯ ಒಟ್ಟಿಗೆ ಕೇಳಬೇಕು. ಮೊದಲು ಬಂದವನಿಗೆ ರಕ್ಷಣೆ ಇರಲಿ. ಆ ರಕ್ಷಣೆ ಅವನು ಆಗ ಇದ್ದ ಗಾತ್ರಕ್ಕೆ ಮಾತ್ರ, ಅವನು ಗೊಬ್ಬರ ಸರಿಯಾಗಿ ನೋಡಿಕೊಂಡರೆ ಮಾತ್ರ. ಮೊದಲು ಬಂದವರು ಅನ್ನುವಾಗ ಹಳ್ಳಿಯ ಹಟ್ಟಿ, ಕಾಲೋನಿಯ ಜನರನ್ನು ಮರೆಯಬಾರದು. ಊರಾಚೆ ಜಾಗ ಅಗ್ಗ ಅಂತ ಕಂಪನಿಯವರು ಶೆಡ್ಡು ಹಾಕುವುದು ಬಹಳ ಸಲ ಅವರ ಗುಡಿಸಲ ಪಕ್ಕದಲ್ಲೇ. ಅವರಿಗೆ ಕ್ಷೇಮಾಭಿವೃದ್ಧಿ ಸಂಘ ಇಲ್ಲ, ಲೆಟರ್‌ಹೆಡ್ಡೂ ಇಲ್ಲ. ಯಾರು ಮೊದಲು ಅನ್ನುವ ಪ್ರಶ್ನೆ ಎರಡೂ ಕಡೆ ಕೊಯ್ಯುವ ಕತ್ತಿ. ಬಡಾವಣೆಯವರ ಎದುರು ಗೌಡರನ್ನು ಕಾಪಾಡುವ ಕಾನೂನು, ಕಂಪನಿ ಎದುರು ಕಾಲೋನಿಯವರನ್ನೂ ಕಾಪಾಡಬೇಕು. ಹಾಗೆ ಬರೆಯದಿದ್ದರೆ ನಾರ್ತ್ ಕ್ಯಾರೊಲೈನಾ ಇಲ್ಲೂ ಆದೀತು.

ಆದರೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಹೊಲವನ್ನು ಬೇರೆ ಉಪಯೋಗಕ್ಕೆ ತಿರುಗಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಜಿಲ್ಲಾಧಿಕಾರಿಗಳ ಅನುಮತಿ ಕೇಳುವುದುಂಟು. ಆಮೇಲೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಸಹಿ. ಆ ಕಡತದಲ್ಲಿ ರಸ್ತೆ ಎಷ್ಟು ಅಡಿ, ಪಾರ್ಕು ಎಲ್ಲಿ, ಚರಂಡಿ ಎಲ್ಲಿ ಎಲ್ಲ ಇರುತ್ತದೆ. ಸುತ್ತ ಯಾವ ಕೊಟ್ಟಿಗೆ, ಯಾವ ಶೆಡ್ಡು, ಯಾವ ತಿಪ್ಪೆ, ಎಷ್ಟು ವರ್ಷದಿಂದ ಇದೆ ಅಂತ ಒಂದು ಮಹಜರು ಬರೆಸಲು ಎಷ್ಟು ಹೊತ್ತು ಬೇಕು? ಗ್ರಾಮ ಆಡಳಿತ ಅಧಿಕಾರಿಗೆ ಅರ್ಧ ದಿನದ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವಾಗ ಒಂದು ಮೈಲಿಯೊಳಗೆ ಕೃಷಿ ಭೂಮಿ ಇದ್ದರೆ, ಸದ್ದು, ಧೂಳು, ವಾಸನೆ, ನೊಣ ಎಲ್ಲ ಇರುತ್ತದೆ ಅಂತ ಕೊಳ್ಳುವವನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ನಮ್ಮ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತೇವೆ, ಪೂರ್ವಕ್ಕೆ ಇಂಥವರ ಜಮೀನು ಅಂತ. ಆ ಜಮೀನಿನಲ್ಲಿ ಏನಿದೆ ಅಂತ ಒಂದು ಸಾಲು ಹೆಚ್ಚು ಬರೆದರೆ ಸ್ಟಾಂಪು ಡ್ಯೂಟಿ ಏನೂ ಜಾಸ್ತಿ ಆಗುವುದಿಲ್ಲ. ಲೇಔಟಿನ ಅಂಚಿನಲ್ಲಿ ಒಂದು ಸಾಲು ಮರ, ಅಷ್ಟು ಅಗಲದ ಖಾಲಿ ಜಾಗ ಅಂತ ಷರತ್ತು ಹಾಕಬಹುದು. ಹಾಗೆ ಹಾಕಿದರೆ ಹತ್ತು ಹದಿನೈದು ಸೈಟು ಕಮ್ಮಿಯಾಗುತ್ತವೆ. ಷರತ್ತು ಬೀಳದಿರುವುದಕ್ಕೂ ಅದೇ ಕಾರಣ ಅಂತ ಅನುಮಾನಪಟ್ಟರೆ ಓದುಗರು ತಪ್ಪು ತಿಳಿಯಬಾರದು.

ಇಷ್ಟಾದರೂ ಜಗಳ ಬಂದು, ಕೊಟ್ಟಿಗೆ ಎತ್ತಲೇಬೇಕು ಅನ್ನುವ ಹಂತಕ್ಕೆ ಹೋದರೆ, ಎತ್ತುವ ಖರ್ಚು ಗೌಡರ ತಲೆ ಮೇಲೂ ಬೇಡ, ಸಾಲ ಮಾಡಿ ಮನೆ ಕಟ್ಟಿದ ಮೇಷ್ಟರ ತಲೆ ಮೇಲೂ ಬೇಡ.

ತಾಲೂಕು ಕಚೇರಿಯಲ್ಲಿ ವಿಚಾರಣೆ ದಿನ ಜವಾನ ಹೊರಗೆ ಬಂದು ಎರಡು ಹೆಸರು ಕೂಗುತ್ತಾನೆ. ಅರ್ಜಿದಾರರು ಒಂದು ಬೆಂಚಿನಿಂದ ಏಳುತ್ತಾರೆ, ಎದುರುದಾರ ಇನ್ನೊಂದು ಬೆಂಚಿನಿಂದ. ಮೂರನೆಯ ಹೆಸರು ಅದೇ ಕಚೇರಿಯ ಇನ್ನೊಂದು ಕಪಾಟಿನಲ್ಲಿದೆ, ಪರಿವರ್ತನೆ ಆದೇಶದ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ. ಅದನ್ನೂ ಕೂಗಿಸಲು ಈಗಿನ ಕಲಮುಗಳಲ್ಲಿ ದಾರಿ ಇಲ್ಲದಿದ್ದರೆ, ದಾರಿ ಮಾಡಿಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ. ಅವರಲ್ಲಿ ಎಷ್ಟು ಜನರ ಹೆಸರಿನಲ್ಲಿ ಲೇಔಟು ಇದೆ ಅನ್ನುವುದನ್ನು ಮುಂದಿನ ಸಲ ಓಟು ಕೇಳಲು ಬಂದಾಗ ಗೌಡರೂ ಮೇಷ್ಟರೂ ಒಟ್ಟಿಗೆ ನಿಂತು ಕೇಳಲಿ.